ಚುಚ್ಚು ಪರೀಕ್ಷೆಯ ಉಬ್ಬನ್ನು ಸ್ಕ್ಯಾನ್ ಮಾಡಿ ಅಳೆಯೋದು: ಪೆನ್, ಟೇಪ್, ಪಿಕ್ಸೆಲ್

ಅಳತೆಗೋಲು:
ಸ್ಕಿನ್ ಪ್ರಿಕ್ ಟೆಸ್ಟ್ (ಅಲರ್ಜನ್, ಅಂದರೆ ಅಲರ್ಜಿ ತರೋ ವಸ್ತುವಿನ ಹನಿ ಚರ್ಮದ ಮೇಲಿಟ್ಟು ಚುಚ್ಚಿ, ಏಳೋ ಉಬ್ಬು ನೋಡೋ ಪರೀಕ್ಷೆ) ಓದುವವರ ಹತ್ತಿರ ಒಂದು ವಿಷಯ ಕೇಳಬೇಕಿತ್ತು. ಒಂದೇ ಕೈ, ಒಂದೇ ಉಬ್ಬು. ಇಬ್ಬರು ಸ್ಕೇಲ್ ಹಿಡಿದರೆ ಒಬ್ಬರ ಲೆಕ್ಕ 5 ಮಿಮೀ, ಇನ್ನೊಬ್ಬರದು 6.5. ದುಂಡಗಿದ್ದರೆ ಅಷ್ಟು ತಕರಾರಿಲ್ಲ. ಉದ್ದಕ್ಕೆ ಎಳೆದುಕೊಂಡಿದ್ದರೆ, ಅಂಚಿನಿಂದ ಕಾಲು ಚಾಚಿದ್ದರೆ ಅಲ್ಲೇ ಜಗಳ ಶುರು. ಅದಕ್ಕೇ ಉಬ್ಬಿನ ಸುತ್ತ ಪೆನ್ನಿನಲ್ಲಿ ಗೆರೆ ಎಳೆದು, ಟೇಪ್ ಅಂಟಿಸಿ ಎತ್ತಿ, ಬಿಳಿ ಹಾಳೆಗೆ ಹಚ್ಚಿ, ಸ್ಕ್ಯಾನ್ ಮಾಡಿ ಕಂಪ್ಯೂಟರ್‌ನಲ್ಲೇ ವಿಸ್ತೀರ್ಣ ತೆಗೆಯೋ ಕ್ರಮಕ್ಕೆ ಬದಲಾಗೋ ಯೋಚನೆ.

ಯಾವ ಪೆನ್, ಯಾವ ಟೇಪ್, ಎಷ್ಟು ಡಿಪಿಐ (ಒಂದು ಇಂಚಿಗೆ ಸ್ಕ್ಯಾನರ್ ಹಿಡಿಯೋ ಪಿಕ್ಸೆಲ್)? ಬಂದ ಚದರ ಮಿಮೀಯನ್ನು "3 ಮಿಮೀ ಇದ್ದರೆ ಪಾಸಿಟಿವ್" ಅನ್ನೋ ನಿಯಮಕ್ಕೆ ಹೇಗೆ ಹೊಂದಿಸೋದು? ಇಷ್ಟೆಲ್ಲ ಮಾಡಿದರೆ ಅಳತೆ ನಿಜಕ್ಕೂ ಸುಧಾರಿಸುತ್ತಾ?

ನೀಲಿಶಾಯಿ:
ಸುಧಾರಿಸುತ್ತೆ. ಆದರೆ ಕಂಪ್ಯೂಟರ್ ಎಣಿಸೋದು ನೀವು ಎಳೆದ ಗೆರೆಯೊಳಗಿನ ಪಿಕ್ಸೆಲ್ ಅಷ್ಟೇ. ಗೆರೆ ತಪ್ಪಿದರೆ ಆ ತಪ್ಪನ್ನೇ ಮೂರು ದಶಾಂಶದವರೆಗೆ ಬರೆದುಕೊಡುತ್ತೆ. ಹಾಗಾಗಿ ಮೊದಲು ಚರ್ಮದ ಮೇಲಿನ ಕೆಲಸದ ಬಗ್ಗೆ ಹೇಳ್ತೀನಿ.

ಚುಚ್ಚಿ 15 ನಿಮಿಷಕ್ಕೆ ಓದಬೇಕು, 20 ದಾಟಬಾರದು. ಗೆರೆ ಎಳೆಯೋ ಮೊದಲು ಉಳಿದಿರೋ ದ್ರಾವಣವನ್ನು ಟಿಶ್ಯೂ ಒತ್ತಿ ಹೀರಿಸಿ, ಉಜ್ಜಬೇಡಿ. ಉಜ್ಜಿದರೆ ಒಂದರ ಅಲರ್ಜನ್ ಪಕ್ಕದ ಚುಚ್ಚಿಗೆ ಹೋಗುತ್ತೆ, ಚರ್ಮವೂ ಕೆಂಪಾಗಿ ಅಂಚು ಮಸುಕಾಗುತ್ತೆ. ದ್ರಾವಣದಲ್ಲಿ ಗ್ಲಿಸರಿನ್ ಇರೋದರಿಂದ ಜಿಡ್ಡು ಉಳಿದ ಕಡೆ ಶಾಯಿ ಹಿಡಿಯಲ್ಲ, ಗೆರೆ ಅಲ್ಲಲ್ಲಿ ಹರಿದುಹೋಗುತ್ತೆ.

ದೀಪ ಮೇಲಿಂದ ಬೇಡ. ಪಕ್ಕದಿಂದ, ತಗ್ಗಿನಲ್ಲಿ ಬೀಳಲಿ. ಆಗ ಉಬ್ಬಿನ ಅಂಚಿಗೆ ಸಣ್ಣ ನೆರಳು ಬಿದ್ದು ಎಲ್ಲಿ ಏಳುತ್ತೆ, ಎಲ್ಲಿ ಇಳಿಯುತ್ತೆ ಅನ್ನೋದು ಕಾಣುತ್ತೆ. ಇನ್ನೂ ಅನುಮಾನ ಇದ್ದರೆ ಎರಡು ಬೆರಳಲ್ಲಿ ಚರ್ಮವನ್ನು ಸ್ವಲ್ಪ ಹಿಗ್ಗಿಸಿ ನೋಡಿ, ಸುತ್ತಲಿನ ಕೆಂಪು ತಿಳಿಯಾಗಿ ಉಬ್ಬು ಎದ್ದು ಕಾಣುತ್ತೆ. ಅಂಚು ಎಲ್ಲಿದೆ ಅಂತ ನೋಡಿಕೊಂಡ ಮೇಲೆ ಕೈ ಬಿಟ್ಟು ಗೆರೆ ಎಳೀರಿ. ಹಿಗ್ಗಿಸಿ ಹಿಡಿದಾಗಲೇ ಎಳೆದರೆ ಬಿಟ್ಟ ಮೇಲೆ ಆಕಾರವೇ ಬದಲಾಗಿರುತ್ತೆ.

ಟೇಪ್ ಮ್ಯಾಟ್ ಇರೋದು, ಪಾರದರ್ಶಕವಾಗಿರೋದು ತಗೊಳ್ಳಿ. ಫಳಫಳ ಹೊಳೆಯೋ ಟೇಪಿನ ಸುಕ್ಕು ಸ್ಕ್ಯಾನರ್ ಬೆಳಕಿಗೆ ಬಿಳಿ ಗೀಟಾಗಿ ಬಂದು ಗೆರೆಯನ್ನು ತುಂಡು ಮಾಡುತ್ತೆ. ಎಳೆದು ಅಂಟಿಸಬೇಡಿ. ಮೇಲಿಟ್ಟು ಬೆರಳಲ್ಲಿ ಒತ್ತಿ, ಒಂದೇ ಸಲಕ್ಕೆ ಎತ್ತಿ. ಎರಡನೇ ಸಲ ಎತ್ತಿದ್ದರಲ್ಲಿ ಶಾಯಿ ಅರ್ಧಕ್ಕರ್ಧ ಇರಲ್ಲ.

ಗುಣಾಕಾರ:
ಸ್ಕ್ಯಾನರ್ ಯಾಕೆ? ಉದ್ದದ ವ್ಯಾಸ, ಅದರ ಮಧ್ಯಕ್ಕೆ ಲಂಬವಾಗಿ ಅಗಲ, ಎರಡನ್ನೂ ಕೂಡಿಸಿ 2ರಿಂದ ಭಾಗಿಸೋ ಬದಲು ಗುಣಿಸಿ. ಉದ್ದ × ಅಗಲ × 0.785. ಮೊಟ್ಟೆಯಾಕಾರದ ಉಬ್ಬಿನ ವಿಸ್ತೀರ್ಣ ಬಂತು.

ಲೆಕ್ಕ ನೋಡಿ: ಉದ್ದ 10, ಅಗಲ 4. ಸರಾಸರಿ 7 ಮಿಮೀ, ಆ ವ್ಯಾಸದ ವೃತ್ತದ ವಿಸ್ತೀರ್ಣ 38.5 ಚದರ ಮಿಮೀ. ಉಬ್ಬಿನ ನಿಜವಾದ ವಿಸ್ತೀರ್ಣ 31.4. ಸರಾಸರಿ ಹಿಡಿದವರು 22% ಜಾಸ್ತಿ ಬರೆದರು. ಗುಣಾಕಾರಕ್ಕೆ ಕಂಪ್ಯೂಟರ್ ಬೇಕಾ?

ನೀಲಿಶಾಯಿ:
ಮೊಟ್ಟೆಯಾಕಾರಕ್ಕೆ ನಿಮ್ಮ ಮಾತು ನೂರಕ್ಕೆ ನೂರು ಸರಿ. ಸ್ಕೇಲ್ ಬಿಟ್ಟು ಬೇರೇನೂ ಇಲ್ಲದ ಕಡೆ ಎಲ್ಲರೂ ಹಾಗೇ ಮಾಡಬೇಕು. ಆದರೆ ಉಬ್ಬು ಬೀನ್ಸ್ ಬೀಜದ ಹಾಗೆ ಬಾಗಿದ್ದರೆ? ಒಂದು ಕಡೆಯಿಂದ ಎರಡು ಕಾಲು ಚಾಚಿದ್ದರೆ? ಆಗ "ಉದ್ದ" ಯಾವುದು ಅಂತ ನಿರ್ಧರಿಸುವಲ್ಲೇ ಇಬ್ಬರಿಗೆ ಎರಡು ಅಂಕಿ ಬರುತ್ತೆ. ಗೆರೆಯೊಳಗಿನ ಪಿಕ್ಸೆಲ್ ಎಣಿಸಿದರೆ ಆ ಪ್ರಶ್ನೆಯೇ ಏಳಲ್ಲ.

ಮೊನಚು:
ಪೆನ್ನಿನ ದಪ್ಪದ ಬಗ್ಗೆ ಯಾರೂ ಮಾತಾಡ್ತಿಲ್ಲ, ದೊಡ್ಡ ತಪ್ಪು ಇರೋದೇ ಅಲ್ಲಿ.

5 ಮಿಮೀ ಉಬ್ಬು, 0.5 ಮಿಮೀ ತುದಿಯ ಪೆನ್, ಅಂಚಿಗೆ ಹೊರಗಿನಿಂದ ತಾಗಿಸಿ ಗೆರೆ ಎಳೆದಿದ್ದೀರಿ ಅಂತಿಟ್ಟುಕೊಳ್ಳಿ. ಗೆರೆಯ ಒಳಅಂಚಿನಿಂದ ಎಣಿಸಿದರೆ 19.6 ಚದರ ಮಿಮೀ. ಗೆರೆಯ ಮಧ್ಯದಿಂದ ಎಣಿಸಿದರೆ 23.8. ಹೊರಅಂಚಿನಿಂದ 28.3. ಅಂದರೆ ಒಂದೇ ಗೆರೆಯಿಂದ 44% ಅಂತರ! ಉಬ್ಬು 3 ಮಿಮೀ ಇದ್ದರೆ ಒಳಅಂಚಿಗೂ ಹೊರಅಂಚಿಗೂ 78% ವ್ಯತ್ಯಾಸ. ಪಾಸಿಟಿವ್ ಹೌದೋ ಅಲ್ಲವೋ ಅಂತ ತೀರ್ಮಾನವಾಗೋ ಗಾತ್ರದಲ್ಲೇ ಇಷ್ಟು.

0.3 ಮಿಮೀಗಿಂತ ದಪ್ಪದ ತುದಿ ಬೇಡ. ಗೆರೆ ಯಾವಾಗಲೂ ಉಬ್ಬಿನ ಹೊರಗೆ, ತಾಗಿದ ಹಾಗೆ ಬರಲಿ. ಎಣಿಕೆ ಯಾವಾಗಲೂ ಒಳಅಂಚಿನಿಂದ ಆಗಲಿ. ಇದನ್ನು ಕಾಗದದಲ್ಲಿ ಬರೆದು ಗೋಡೆಗೆ ಅಂಟಿಸಿ, ಅಲ್ಲಿ ಓದುವ ಪ್ರತಿಯೊಬ್ಬರೂ ಹಾಗೇ ಮಾಡಲಿ.

ಶುಚಿ:
ಪೆನ್ ವಿಷಯ ಬಂದಿದ್ದಕ್ಕೆ ಒಂದು ಮಾತು. ತುದಿ ಚುಚ್ಚಿದ ಚರ್ಮದ ಪಕ್ಕದಲ್ಲೇ ಓಡುತ್ತೆ. ಒಬ್ಬರಿಗೆ ಬಳಸಿದ್ದನ್ನು ಹಾಗೇ ಇನ್ನೊಬ್ಬರಿಗೆ ಬಳಸಬಾರದು. ಒಬ್ಬರಿಗೆ ಒಂದು ಪೆನ್, ಇದಕ್ಕೆ ವಿನಾಯಿತಿ ಬೇಡ.

ಅಳತೆಗೋಲು:
ಮೊನಚು ಅವರೇ, ಆ 44% ನೋಡಿ ಗಾಬರಿಯಾಯ್ತು. ಒಳಅಂಚಿನಿಂದಲೇ ಎಣಿಸು ಅಂತ ಸಾಫ್ಟ್‌ವೇರ್‌ಗೆ ಹೇಳೋದು ಹೇಗೆ? ಇಮೇಜ್‌ಜೆ ಅನ್ನೋ ಚಿತ್ರ ಅಳೆಯೋ ಸಾಫ್ಟ್‌ವೇರ್ ಬಳಸಬಹುದಾ?

ಪಿಕ್ಸೆಲ್ಎಣಿಕೆ:
ಇಮೇಜ್‌ಜೆ ಧಾರಾಳ ಸಾಕು. 1997ರಲ್ಲಿ ಅಮೆರಿಕದ ಸರ್ಕಾರಿ ಆರೋಗ್ಯ ಸಂಶೋಧನಾ ಸಂಸ್ಥೆ ಎನ್ಐಎಚ್‌ನಲ್ಲಿ ವೇಯ್ನ್ ರಾಸ್‌ಬ್ಯಾಂಡ್ ಶುರು ಮಾಡಿದ್ದು, ಇವತ್ತಿಗೂ ಉಚಿತ. ಕ್ರಮ ಹೀಗೆ:

ಸ್ಕ್ಯಾನ್ ಬಣ್ಣದಲ್ಲೇ ಇರಲಿ, ಟಿಫ್ ಅಥವಾ ಪಿಎನ್‌ಜಿಯಾಗಿ ಉಳಿಸಿ. ಜೆಪೆಗ್ ಆದರೆ ಗೆರೆಯ ಅಕ್ಕಪಕ್ಕ ಬೂದು ಚುಕ್ಕೆ ಹುಟ್ಟಿಕೊಳ್ಳುತ್ತೆ. ಸ್ಕ್ಯಾನರ್‌ನಲ್ಲಿ ತಾನೇ ಬೆಳಕು ಸರಿಪಡಿಸೋದು, ಶಾರ್ಪ್ ಮಾಡೋದು, "ಪುಟಕ್ಕೆ ಹೊಂದಿಸು" ಅನ್ನೋದು ಎಲ್ಲವನ್ನೂ ಆಫ್ ಮಾಡಿ. ಕೊನೆಯದು ತುಂಬ ಅಪಾಯ. 97%ಗೆ ಕುಗ್ಗಿದರೆ ಕಣ್ಣಿಗೆ ಗೊತ್ತೇ ಆಗಲ್ಲ, ವಿಸ್ತೀರ್ಣ ಮಾತ್ರ 6% ಹೋಗಿರುತ್ತೆ.

ಫೈಲ್ ತೆರೆದು ಬಣ್ಣದ ಚಾನೆಲ್‌ಗಳನ್ನು (ಚಿತ್ರದ ಕೆಂಪು, ಹಸಿರು, ನೀಲಿ ಪದರಗಳನ್ನು) ಬೇರೆ ಮಾಡಿ, ಕೆಂಪು ಚಾನೆಲ್ ಇಟ್ಟುಕೊಳ್ಳಿ. ನೀಲಿ ಶಾಯಿ ಕೆಂಪು ಬೆಳಕನ್ನು ಹೀರುತ್ತೆ, ಹಾಗಾಗಿ ಆ ಚಾನೆಲ್‌ನಲ್ಲಿ ಗೆರೆ ಕಪ್ಪಗೆ ಬರುತ್ತೆ. ಸೆಟ್ ಸ್ಕೇಲ್‌ನಲ್ಲಿ 300 ಪಿಕ್ಸೆಲ್‌ಗೆ 25.4 ಮಿಮೀ ಅಂತ ಕೊಡಿ. ಥ್ರೆಶೋಲ್ಡ್ (ಎಷ್ಟು ಗಾಢವಾದರೆ ಕಪ್ಪು ಅನ್ನೋ ಮಿತಿ) ಹಾಕಿ ಕಪ್ಪು ಬಿಳುಪು ಮಾಡಿ, ಇದರ ಒಂದು ಪ್ರತಿ ತೆಗೆದಿಡಿ. ಮೂಲದ ಮೇಲೆ ಫಿಲ್ ಹೋಲ್ಸ್ ಓಡಿಸಿ. ಈಗ ಗೆರೆ ಮತ್ತು ಒಳಭಾಗ ಎರಡೂ ತುಂಬಿರುತ್ತೆ. ಇಮೇಜ್ ಕ್ಯಾಲ್ಕ್ಯುಲೇಟರ್‌ನಲ್ಲಿ ಇದರಿಂದ ಆ ಪ್ರತಿಯನ್ನು, ಅಂದರೆ ಬರೀ ಗೆರೆಯನ್ನು, ಕಳೆಯಿರಿ. ಉಳಿಯೋದು ಒಳಭಾಗ ಮಾತ್ರ. ಆಮೇಲೆ ಪ್ರತಿ ತುಣುಕನ್ನೂ ಎಣಿಸಿ ವಿಸ್ತೀರ್ಣ ಕೊಡೋ ಅನಲೈಸ್ ಪಾರ್ಟಿಕಲ್ಸ್, ಕನಿಷ್ಠ ಗಾತ್ರ 1 ಚದರ ಮಿಮೀ, ಧೂಳಿನ ಚುಕ್ಕೆಗಳು ಹೊರಗೆ ಹೋಗುತ್ತವೆ.

ಥ್ರೆಶೋಲ್ಡ್ ಅಂಕಿ ಎಲ್ಲ ಹಾಳೆಗೂ ಒಂದೇ ಇರಲಿ. ಒಂದೊಂದು ಹಾಳೆಗೆ ಕಣ್ಣಂದಾಜಲ್ಲಿ ಜಾರಿಸಿದರೆ ಮತ್ತೆ ಸ್ಕೇಲ್ ಹಿಡಿದವರ ಜಗಳಕ್ಕೇ ವಾಪಸ್.

ಕಪ್ಪುಹಿನ್ನೆಲೆ:
ಒಂದು ಸೇರಿಸ್ತೀನಿ. ಸಾಫ್ಟ್‌ವೇರ್‌ನ ಬೈನರಿ (ಕಪ್ಪು-ಬಿಳುಪು) ಆಯ್ಕೆಗಳಲ್ಲಿ "ಬ್ಲ್ಯಾಕ್ ಬ್ಯಾಕ್‌ಗ್ರೌಂಡ್" ಅಂತ ಒಂದು ಚೌಕ ಇದೆ. ಅದು ನಿಮ್ಮ ಚಿತ್ರಕ್ಕೆ ಹೊಂದದಿದ್ದರೆ ಫಿಲ್ ಹೋಲ್ಸ್ ಉಲ್ಟಾ ಕೆಲಸ ಮಾಡುತ್ತೆ, ಹಿನ್ನೆಲೆಯನ್ನೇ ವಸ್ತು ಅಂದುಕೊಳ್ಳುತ್ತೆ. ಉತ್ತರ ವಿಚಿತ್ರವಾಗಿ ಬಂದರೆ ಮೊದಲು ಅಲ್ಲಿ ನೋಡಿ.

ಮೊಬೈಲ್ಕಣ್ಣು:
ಟೇಪ್ ಯಾಕೆ, ಹಾಳೆ ಯಾಕೆ? ಮೊಬೈಲ್‌ನಲ್ಲಿ ಕೈಯ ಫೋಟೊ ತೆಗೆದು ಪಕ್ಕದಲ್ಲೊಂದು ಸ್ಕೇಲ್ ಇಟ್ಟರೆ ಆಯ್ತಲ್ಲ. ಇನ್ನು ಕೆಲವೇ ದಿನಕ್ಕೆ ಎಲ್ಲ ಹೀಗೇ ಆಗೋದು.

ಮೊನಚು:
ಆಗಲ್ಲ ಅಂತಲ್ಲ, ನೀವು ಹೇಳಿದಷ್ಟು ಸುಲಭ ಇಲ್ಲ ಅಂತ.

ಮುಂಗೈ ಮೇಜಿನ ಹಾಗೆ ಚಪ್ಪಟೆ ಇಲ್ಲ. 4 ಸೆಂಮೀ ತ್ರಿಜ್ಯದ ಕೊಳವೆ ಅಂತ ಹಿಡಿಯಿರಿ. ನಡುವಿನಿಂದ 2 ಸೆಂಮೀ ಪಕ್ಕಕ್ಕಿರುವ ಉಬ್ಬು ಕ್ಯಾಮೆರಾಗೆ ಸುಮಾರು 29 ಡಿಗ್ರಿ ಓರೆಯಾಗಿ ಕಾಣುತ್ತೆ, ಅಗಲ 12% ಕಡಿಮೆ ಬರುತ್ತೆ. ಟೇಪ್ ಆ ಬಾಗನ್ನು ಬಿಚ್ಚಿ ಹಾಳೆ ಮೇಲೆ ಹಾಸುತ್ತೆ. ಅದರ ದೊಡ್ಡ ಗುಣವೇ ಅದು.

ಎರಡನೆಯದು ಸ್ಕೇಲ್ ಇಡೋ ಎತ್ತರ. ಕ್ಯಾಮೆರಾ 20 ಸೆಂಮೀ ದೂರದಲ್ಲಿದೆ, ಸ್ಕೇಲ್ ಉಬ್ಬಿಗಿಂತ 1 ಸೆಂಮೀ ಕೆಳಗೆ ಮೇಜಿನ ಮೇಲಿದೆ ಅಂದರೆ ಉಬ್ಬು ಉದ್ದದಲ್ಲಿ 5%, ವಿಸ್ತೀರ್ಣದಲ್ಲಿ 10% ಹೆಚ್ಚು ತೋರಿಸುತ್ತೆ. ಗುರುತಿನ ಪಟ್ಟಿಯನ್ನು ಚರ್ಮದ ಮೇಲೇ, ಉಬ್ಬಿನ ಪಕ್ಕದಲ್ಲೇ ಅಂಟಿಸಬೇಕು, ಕ್ಯಾಮೆರಾ ದೂರ ಇಟ್ಟು ಜೂಮ್ ಮಾಡಬೇಕು.

ನೆರಳು:
ಮೂರನೆಯದು ನಾನು ಹೇಳ್ತೀನಿ. ಉಬ್ಬಿಗೂ ಪಕ್ಕದ ಚರ್ಮಕ್ಕೂ ಬಣ್ಣದಲ್ಲಿ ಅಂಥ ವ್ಯತ್ಯಾಸವೇ ಇರಲ್ಲ. ಫೋಟೊದಲ್ಲಿ ಎದ್ದು ಕಾಣೋದು ಸುತ್ತಲಿನ ಕೆಂಪು. ಸಾಫ್ಟ್‌ವೇರ್ ಅದರ ಅಂಚನ್ನೇ ಹಿಡಿದುಕೊಂಡು 5 ಮಿಮೀ ಉಬ್ಬಿಗೆ 20 ಮಿಮೀ ಅನ್ನುತ್ತೆ. ಕೆಂಪನ್ನೇ ಅಳೆಯಬೇಕಾದರೆ ಹಸಿರು ಚಾನೆಲ್ ನೋಡಿ, ರಕ್ತದ ಹಿಮೋಗ್ಲೋಬಿನ್ ಹಸಿರು ಬೆಳಕನ್ನು ಹೀರೋದರಿಂದ ಅಲ್ಲಿ ಕೆಂಪು ವಲಯ ಕಪ್ಪಾಗಿ ಬರುತ್ತೆ. ಉಬ್ಬಿಗೆ ಮಾತ್ರ ಬಣ್ಣ ನೆಚ್ಚಿಕೊಳ್ಳೋ ಹಾಗಿಲ್ಲ. ಓರೆ ಬೆಳಕಿನಲ್ಲಿ ಬೇರೆ ಬೇರೆ ದಿಕ್ಕಿಂದ ಹಲವು ಚಿತ್ರ ತೆಗೆಯಬೇಕು, ಇಲ್ಲವೇ ಎತ್ತರವನ್ನೇ ಅಳೆಯೋ 3ಡಿ ಸ್ಕ್ಯಾನ್ ಬೇಕು.

ಚರ್ಮ ಕಪ್ಪಾಗಿದ್ದರೆ ಕೆಂಪು ಕಣ್ಣಿಗೂ ಸರಿಯಾಗಿ ಕಾಣಲ್ಲ. ಅಂಥಲ್ಲಿ ಓರೆ ದೀಪ, ಬೆರಳ ಸ್ಪರ್ಶ, ಇವೆರಡೇ ದಾರಿ. ಕೆಂಪಿಲ್ಲ ಅಂದ ಮಾತ್ರಕ್ಕೆ ನೆಗೆಟಿವ್ ಅಂತ ಬರೆಯಲೇಬಾರದು.

ಮೊಬೈಲ್ಕಣ್ಣು:
ಸರಿ, ಹಾಗಾದರೆ ಮುಂಗೈಯನ್ನೇ ಸ್ಕ್ಯಾನರ್ ಗಾಜಿನ ಮೇಲಿಟ್ಟರೆ? ಅಲ್ಲಿ ದೂರದ ಪ್ರಶ್ನೆ ಇಲ್ಲ, ಓರೆಯ ಪ್ರಶ್ನೆಯೂ ಇಲ್ಲ.

ಮೊನಚು:
ದಯವಿಟ್ಟು ಬೇಡ. ಗಾಜು ಒತ್ತಿದ ತಕ್ಷಣ ಉಬ್ಬು ಚಪ್ಪಟೆಯಾಗುತ್ತೆ, ರಕ್ತ ಸರಿದು ಕೆಂಪು ಮಾಯವಾಗುತ್ತೆ. ಒತ್ತದೆ ಮೇಲೆ ಹಿಡಿದರೆ ತೆಳ್ಳಗಿನ ಸಿಐಎಸ್ ಸ್ಕ್ಯಾನರ್‌ಗಳಿಗೆ ಗಾಜಿಗೆ ತಾಗಿದ್ದು ಬಿಟ್ಟರೆ ಬೇರೇನೂ ಸ್ಪಷ್ಟ ಕಾಣಲ್ಲ. ಹಳೇ ಸಿಸಿಡಿ ಸ್ಕ್ಯಾನರ್ ಸ್ವಲ್ಪ ಮೇಲಿನದನ್ನೂ ಹಿಡಿಯುತ್ತೆ, ಆದರೆ ಕೈ ಅಲುಗಾಡಿದ ಕಡೆ ಅಂಚು ಹಲ್ಲುಹಲ್ಲಾಗುತ್ತೆ. ಹಾಳೆಗೆ ಅಂಟಿಸಿದ ಟೇಪ್‌ಗೆ ಎರಡು ಥರದ ಸ್ಕ್ಯಾನರೂ ಆಗುತ್ತೆ.

ಗುಣಾಕಾರ:
ಡಿಪಿಐ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ. 1200 ಇಟ್ಟುಬಿಡಿ, ಹೆಚ್ಚಿದ್ದಷ್ಟೂ ಒಳ್ಳೇದು.

ಪಿಕ್ಸೆಲ್ಎಣಿಕೆ:
ಹೆಚ್ಚಿದ್ದಷ್ಟೂ ಫೈಲ್ ದೊಡ್ಡದು, ಅಷ್ಟೇ. ಲೆಕ್ಕ ಹಾಕೋಣ. 300 ಡಿಪಿಐನಲ್ಲಿ 1 ಚದರ ಮಿಮೀಗೆ ಸುಮಾರು 140 ಪಿಕ್ಸೆಲ್. 3 ಮಿಮೀ ವ್ಯಾಸದ ವೃತ್ತಕ್ಕೆ ಹೆಚ್ಚುಕಡಿಮೆ 986. 0.3 ಮಿಮೀ ಗೆರೆಗೆ ಮೂರೂವರೆ ಪಿಕ್ಸೆಲ್ ಅಗಲ ಸಿಗುತ್ತೆ, ತುಂಡಾಗಲ್ಲ. 150ಕ್ಕೆ ಇಳಿಸಿದರೆ ಎರಡು ಪಿಕ್ಸೆಲ್ಲೂ ಇಲ್ಲ, ಶಾಯಿ ತೆಳುವಾದ ಕಡೆ ಗೆರೆ ಬಿಟ್ಟುಹೋಗುತ್ತೆ.

300ರಲ್ಲಿ ಒಂದು ಕಷ್ಟ ಇದೆ. ಥ್ರೆಶೋಲ್ಡ್ ಸ್ವಲ್ಪ ಸರಿದು ಅಂಚು ಸುತ್ತಲೂ ಒಂದೇ ಒಂದು ಪಿಕ್ಸೆಲ್ ಆಚೆ ಹೋದರೆ ಆ 3 ಮಿಮೀ ಉಬ್ಬಿನ ವಿಸ್ತೀರ್ಣ 11-12% ಏರುತ್ತೆ. 600ರಲ್ಲಿ ಅದೇ ತಪ್ಪಿಗೆ 6%ಗಿಂತ ಕಡಿಮೆ. ಹಾಗಾಗಿ ಸಣ್ಣ ಉಬ್ಬುಗಳ ಮೇಲೆ ತೀರ್ಮಾನ ನಿಂತಿದ್ದರೆ 600, ದೊಡ್ಡವಕ್ಕೆ 300 ಸಾಕು. 1200ರಲ್ಲಿ ಸಿಗೋ ಸೂಕ್ಷ್ಮತೆ ಶಾಯಿ ಟೇಪಿನಡಿ ಹರಡಿಕೊಳ್ಳೋದರಲ್ಲೇ ಮುಳುಗಿಹೋಗುತ್ತೆ.

600 ಇಟ್ಟರೆ ಸೆಟ್ ಸ್ಕೇಲ್‌ನಲ್ಲೂ 600 ಅಂತ ಬದಲಿಸಿ. ಇದನ್ನು ಮರೆತರೆ ಎಲ್ಲ ವಿಸ್ತೀರ್ಣವೂ ನಾಲ್ಕು ಪಟ್ಟು ಬರುತ್ತೆ.

ಸ್ಟೀಲ್ಪಟ್ಟಿ:
ಸ್ಕ್ಯಾನರ್ ಹೇಳಿದ ಡಿಪಿಐಯನ್ನು ಕಣ್ಮುಚ್ಚಿ ನಂಬಬೇಡಿ. ಸ್ಟೀಲ್ ಸ್ಕೇಲ್ ಒಂದನ್ನು ಅಡ್ಡ ಇಟ್ಟು ಒಮ್ಮೆ, ಉದ್ದ ಇಟ್ಟು ಒಮ್ಮೆ ಸ್ಕ್ಯಾನ್ ಮಾಡಿ. 300 ಡಿಪಿಐನಲ್ಲಿ 100 ಮಿಮೀಗೆ 1181 ಪಿಕ್ಸೆಲ್ ಬರಬೇಕು. ಅಡ್ಡಕ್ಕೆ ಸರಿಯಿದ್ದು, ತಲೆ ಸಾಗೋ ದಿಕ್ಕಿನಲ್ಲಿ 1169 ಬಂದರೆ ಆ ದಿಕ್ಕಲ್ಲಿ 1% ಕಡಿಮೆ. ಬೆಲ್ಟಿನಿಂದ ಸಾಗೋ ಭಾಗ ಆದ್ದರಿಂದ ಕೊರತೆ ಹೆಚ್ಚಾಗಿ ಆ ಕಡೆಯೇ ಕಾಣಿಸಿಕೊಳ್ಳುತ್ತೆ. ಹಾಳೆ ಮೇಲೆ 50 ಮಿಮೀ ಗೆರೆ ಮುದ್ರಿಸಿಕೊಂಡು ಅದನ್ನೇ ಮಾನದಂಡ ಮಾಡಿಕೊಳ್ಳೋರಿದ್ದಾರೆ. ಪ್ರಿಂಟರ್ ಕೂಡ ಕುಗ್ಗಿಸುತ್ತೆ ಅನ್ನೋದು ನೆನಪಿರಲಿ, ಮುದ್ರಿಸಿದ ಗೆರೆಯನ್ನು ಸ್ಟೀಲ್ ಸ್ಕೇಲಿನಲ್ಲಿ ಅಳೆದ ಮೇಲೇ ಬಳಸಿ.

ಅಳತೆಗೋಲು:
ಎಲ್ಲರಿಗೂ ಧನ್ಯವಾದ. ಈಗೊಂದು ಒಗಟು. ಒಂದು ಹಾಳೆ, 14 ಗೆರೆ, ಎಲ್ಲವೂ ಮುಚ್ಚಿದ ಗೆರೆಗಳೇ, ಪಕ್ಕಪಕ್ಕ 1ರಿಂದ 14ರವರೆಗೆ ಅಂಕಿ ಬರೆದಿದೆ. ಪಿಕ್ಸೆಲ್ಎಣಿಕೆ ಹೇಳಿದ ಕ್ರಮ ತಪ್ಪದೆ ಮಾಡಿದರೂ ಸಾಫ್ಟ್‌ವೇರ್ 19 ಅನ್ನುತ್ತೆ. ಆ ಐದು ಎಲ್ಲಿಂದ ಬಂತು?

ಕಪ್ಪುಹಿನ್ನೆಲೆ:
ಅಂಕಿಗಳನ್ನು ಅದೇ ನೀಲಿ ಪೆನ್ನಿನಲ್ಲೇ, ದೊಡ್ಡದಾಗಿ ಬರೆದಿದೆಯಾ?

ಅಳತೆಗೋಲು:
ಹೌದು.

ಕಪ್ಪುಹಿನ್ನೆಲೆ:
ಸಿಕ್ಕಿತು. 6ರ ಹೊಟ್ಟೆ ಒಂದು, 8ರಲ್ಲಿ ಎರಡು, 9ರ ತಲೆ ಒಂದು, 10ರ ಸೊನ್ನೆ ಒಂದು. ಒಟ್ಟು ಐದು. 4 ಮತ್ತು 14ರ ನಾಲ್ಕನ್ನು ಮೇಲೆ ಬಾಯಿ ತೆರೆದ ಹಾಗೆ ಬರೆದಿರಬೇಕು, ಅದಕ್ಕೆ ಅವು ಲೆಕ್ಕಕ್ಕೆ ಬಂದಿಲ್ಲ. ಮುಚ್ಚಿದ ಪ್ರತಿ ಸುತ್ತನ್ನೂ ಸಾಫ್ಟ್‌ವೇರ್ ಉಬ್ಬು ಅಂತಲೇ ಎಣಿಸುತ್ತೆ, 1 ಚದರ ಮಿಮೀಗಿಂತ ದೊಡ್ಡ ಸುತ್ತಾದರೆ ಗಾತ್ರದ ಜರಡಿಯೂ ಅದನ್ನು ತೆಗೆಯಲ್ಲ.

ಪರಿಹಾರ ಸುಲಭ. ಗೆರೆ ನೀಲಿಯಲ್ಲಿ, ಅಂಕಿ ಕೆಂಪಿನಲ್ಲಿ. ಕೆಂಪು ಚಾನೆಲ್‌ನಲ್ಲಿ ಕೆಂಪು ಶಾಯಿ ಬಿಳಿ ಹಾಳೆಯ ಜೊತೆ ಬೆರೆತು ಕಾಣದೇ ಹೋಗುತ್ತೆ, ನೀಲಿ ಮಾತ್ರ ಉಳಿಯುತ್ತೆ. ಕಣ್ಣಿಗೆ ಮಾತ್ರ ಹಾಳೆ ಮೇಲೆ ಎರಡೂ ಕಾಣುತ್ತೆ. ಗ್ರಾಫ್ ಹಾಳೆ ಬಳಸೋರು ಇದನ್ನೇ ಗಮನಿಸಿ: ನೀಲಿ, ಹಸಿರು ಚೌಕದ ಗೆರೆಗಳು ಕೆಂಪು ಚಾನೆಲ್‌ನಲ್ಲಿ ಎದ್ದು ಬಂದು ನೂರಾರು ಚೌಕವನ್ನು ಉಬ್ಬು ಮಾಡಿಬಿಡುತ್ತವೆ.

ನೀಲಿಶಾಯಿ:
ಎಷ್ಟು ಚೆನ್ನಾಗಿ ಹಿಡಿದಿರಿ! ಇದರ ಉಲ್ಟಾ ತಪ್ಪೂ ಹೇಳಿಬಿಡೋಣ. ಗೆರೆಯಲ್ಲಿ ಒಂದು ಪಿಕ್ಸೆಲ್ ಬಿಟ್ಟಿದ್ದರೂ ಫಿಲ್ ಹೋಲ್ಸ್ ಒಳಗೆ ತುಂಬಲ್ಲ, ಆ ಉಬ್ಬು ಪಟ್ಟಿಯಿಂದಲೇ ಕಾಣೆಯಾಗುತ್ತೆ. ಎಣಿಕೆಯ ಸಂಖ್ಯೆಯನ್ನು ಹಾಳೆ ಮೇಲಿನ ಗೆರೆಗಳ ಸಂಖ್ಯೆಗೆ ತಾಳೆ ಹಾಕದೆ ಮುಂದೆ ಹೋಗಬೇಡಿ. ಸಣ್ಣ ಬಿರುಕಾದರೆ ಸಾಫ್ಟ್‌ವೇರ್‌ನ ಕ್ಲೋಸ್ ಆಯ್ಕೆ ಒಂದು ಸಲ ಓಡಿಸಿದರೆ ಮುಚ್ಚಿಕೊಳ್ಳುತ್ತೆ. ದೊಡ್ಡದಾದರೆ ಚರ್ಮದ ಮೇಲಿನ ಗೆರೆ ನೋಡಿಯೇ ಹಾಳೆಯಲ್ಲಿ ಸೇರಿಸಬೇಕು, ಊಹಿಸಿ ಅಲ್ಲ.

ಕತ್ತರಿ:
ಮೂಲ ಪ್ರಶ್ನೆಯ 3 ಮಿಮೀ ನಿಯಮಕ್ಕೆ ಬರೋಣ. ಆ ನಿಯಮ ವ್ಯಾಸದ ಮೇಲೆ ನಿಂತಿದೆ: ಉಬ್ಬಿನ ಸರಾಸರಿ ವ್ಯಾಸ ನೆಗೆಟಿವ್ ಕಂಟ್ರೋಲ್‌ಗಿಂತ (ಅಲರ್ಜನ್ ಇಲ್ಲದ ಬರೀ ಸಲೈನ್, ಅಂದರೆ ಉಪ್ಪುನೀರಿನ ಚುಚ್ಚಿಗಿಂತ) ಕನಿಷ್ಠ 3 ಮಿಮೀ ಹೆಚ್ಚಿರಬೇಕು. ವಿಸ್ತೀರ್ಣದಿಂದ ಸಮಾನ ವ್ಯಾಸ ತೆಗೆಯೋಕೆ ವಿಸ್ತೀರ್ಣದ ವರ್ಗಮೂಲವನ್ನು 1.128ರಿಂದ ಗುಣಿಸಿ. 31.4 ಚದರ ಮಿಮೀಗೆ 6.3 ಮಿಮೀ.

ಇಲ್ಲಿ ಬಹಳ ಜನ ಎಡವೋದು ಕಳೆಯೋ ಕ್ರಮದಲ್ಲಿ. ಅಲರ್ಜನ್ ಉಬ್ಬು 4 ಮಿಮೀ, ನೆಗೆಟಿವ್ 1 ಮಿಮೀ ಅಂತಿಟ್ಟುಕೊಳ್ಳಿ. ವ್ಯಾಸ ಕಳೆದರೆ 3. ವಿಸ್ತೀರ್ಣ ಕಳೆದರೆ 12.57ರಿಂದ 0.79 ಹೋಗಿ 11.78, ಅದನ್ನು ವ್ಯಾಸಕ್ಕೆ ತಂದರೆ 3.87. ಒಂದೇ ಕೈ, ಎರಡು ಉತ್ತರ. ಮೊದಲು ಎರಡನ್ನೂ ವ್ಯಾಸಕ್ಕೆ ತನ್ನಿ, ಆಮೇಲೆ ಕಳೆಯಿರಿ.

ಓದುಗಡಿಯಾರ:
ಕಂಟ್ರೋಲ್ ಸರಿಯಿಲ್ಲದಿದ್ದರೆ ಈ ಲೆಕ್ಕಕ್ಕೆಲ್ಲ ಅರ್ಥವಿಲ್ಲ. ಸಲೈನ್ ಚುಚ್ಚಿದಲ್ಲೇ 3 ಮಿಮೀ ಉಬ್ಬು ಎದ್ದಿದ್ದರೆ ಅದು ಗೀರಿದರೂ ಉಬ್ಬೋ ಚರ್ಮ, ಡರ್ಮೋಗ್ರಾಫಿಸಂ. ಉಬ್ಬಲೇಬೇಕಾದ ಪಾಸಿಟಿವ್ ಕಂಟ್ರೋಲ್, ಅಂದರೆ 10 ಮಿಗ್ರಾಂ/ಮಿಲೀ ಹಿಸ್ಟಮಿನ್‌ಗೂ 3 ಮಿಮೀ ಬರಲಿಲ್ಲ ಅಂದರೆ ಹೆಚ್ಚಾಗಿ ಅಲರ್ಜಿಗೆ ನುಂಗೋ ಆಂಟಿಹಿಸ್ಟಮಿನ್ ಮಾತ್ರೆಯ ಪ್ರಭಾವ ಉಳಿದಿದೆ. ಮಾತ್ರೆಯನ್ನು ಸಾಮಾನ್ಯವಾಗಿ ಒಂದು ವಾರ ಮುಂಚೆ ನಿಲ್ಲಿಸ್ತಾರೆ, ಆದರೆ ಯಾವುದನ್ನು ಎಷ್ಟು ದಿನ ಅನ್ನೋದನ್ನು ವೈದ್ಯರೇ ಹೇಳಬೇಕು.

ಸಮಯದ್ದೂ ಒಂದು ಮಾತು. ಹಿಸ್ಟಮಿನ್ ಉಬ್ಬು 8-10 ನಿಮಿಷಕ್ಕೇ ತುದಿ ಮುಟ್ಟುತ್ತೆ, ಅಲರ್ಜನ್‌ದು 15ರ ಸುತ್ತ. 20 ಚುಚ್ಚಿಗೆ ತಲಾ 10 ಸೆಕೆಂಡ್ ಹಿಡಿದರೂ ಮೊದಲನೆಯದಕ್ಕೂ ಕೊನೆಯದಕ್ಕೂ ಮೂರು ನಿಮಿಷ ದಾಟುತ್ತೆ. ಚುಚ್ಚಿದ ಕ್ರಮದಲ್ಲೇ, ಅದೇ ವೇಗದಲ್ಲಿ ಗೆರೆ ಎಳೀರಿ. ದೊಡ್ಡದಾಗಿ ಕಾಣೋದಕ್ಕೆ ಮೊದಲು ಓಡಬೇಡಿ.

ಎರಡುಸೆಂಮೀ:
ಚುಚ್ಚುಗಳ ನಡುವೆ ಕನಿಷ್ಠ 2 ಸೆಂಮೀ, ಮಣಿಕಟ್ಟಿನಿಂದ 5, ಮೊಣಕೈ ಮಡಿಕೆಯಿಂದ 3 ಬಿಡಿ. ಎರಡು ಉಬ್ಬು ಕೂಡಿಕೊಂಡರೆ ಯಾವ ಸಾಫ್ಟ್‌ವೇರೂ ಬಿಡಿಸಲ್ಲ.

ರೋಗಿಪರ:
ಇಷ್ಟೆಲ್ಲ ಓದಿ ಒಂದು ಆತಂಕ. ಉಬ್ಬನ್ನು ಎರಡು ದಶಾಂಶದವರೆಗೆ ಅಳೆದರೆ, ಎದುರಿಗೆ ಕೂತವರು 31.42 ಅನ್ನೋದನ್ನು ಕಾಯಿಲೆಯ ತೀವ್ರತೆ ಅಂದುಕೊಳ್ಳೋದಿಲ್ವಾ? ಉಬ್ಬು ದೊಡ್ಡದಿದ್ದಷ್ಟೂ ನಿಜವಾದ ಅಲರ್ಜಿಯ ಸಾಧ್ಯತೆ ಹೆಚ್ಚು, ಒಪ್ಪಿದೆ. ಆದರೆ ಮುಂದಿನ ಸಲ ಪ್ರತಿಕ್ರಿಯೆ ಎಷ್ಟು ಜೋರಾಗಿರುತ್ತೆ ಅಂತ ಉಬ್ಬು ಹೇಳಲ್ಲ. ಏನೂ ತೊಂದರೆ ಇಲ್ಲದೆ ಬರೀ ಪಾಸಿಟಿವ್ ಇರೋರೂ ಎಷ್ಟೋ ಜನ. ಚಿಕಿತ್ಸೆಯ ಕೋಣೆಗೆ ಸ್ಕೇಲ್ ಸಾಕು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

ಕತ್ತರಿ:
ಮೊದಲ ಅರ್ಧ ಒಪ್ಪಿದೆ, ವರದಿಯಲ್ಲಿ ಒಂದು ದಶಾಂಶಕ್ಕಿಂತ ಹೆಚ್ಚು ಬರೆಯಲೇಬಾರದು. ಸ್ಕೇಲ್ ಸಾಕು ಅನ್ನೋದನ್ನು ಒಪ್ಪಲ್ಲ. ಇಮ್ಯುನೋಥೆರಪಿ (ಅಲರ್ಜನ್ ಅನ್ನೇ ಸ್ವಲ್ಪಸ್ವಲ್ಪ ಕೊಟ್ಟು ದೇಹ ಒಗ್ಗಿಸೋ ಚಿಕಿತ್ಸೆ) ಶುರುವಾಗೋ ಮೊದಲು ಒಂದು ಸಲ, ಆಮೇಲೆ ಒಂದು ಸಲ ಹೋಲಿಸಬೇಕಾದರೆ? ಹೊಸ ಆಂಟಿಹಿಸ್ಟಮಿನ್ ಉಬ್ಬನ್ನು ಎಷ್ಟು ಕುಗ್ಗಿಸುತ್ತೆ ಅಂತ ನೋಡಬೇಕಾದರೆ? ಅಲರ್ಜನ್ ದ್ರಾವಣದ ಒಂದು ಬ್ಯಾಚ್ ಇನ್ನೊಂದಕ್ಕೆ ಸಮ ಇದೆಯಾ ಅಂತ ತಿಳಿಯಬೇಕಾದರೆ? ಅಲ್ಲೆಲ್ಲ ಸಣ್ಣ ವ್ಯತ್ಯಾಸವೇ ಉತ್ತರ. ಸ್ಕೇಲಿನ ತಪ್ಪು ಅದಕ್ಕಿಂತ ದೊಡ್ಡದಿದ್ದರೆ ಉತ್ತರ ಸಿಗಲ್ಲ.

ರೋಗಿಪರ:
ಸಂಶೋಧನೆಗೆ ಬೇಕು, ಅದಕ್ಕೆ ನನ್ನದೇನೂ ಅಡ್ಡಿಯಿಲ್ಲ. ದಿನಾ ಬರೋ ಮೂಗು ಸೋರುವವರಿಗೆ ಬೇಡ ಅಂದಿದ್ದು.

ಎರಡುಸೆಂಮೀ:
ಇಬ್ಬರ ನಡುವೆ ಒಂದು ಮಾತು. ಎರಡು ದಿನದ ಉಬ್ಬುಗಳನ್ನು ಹೋಲಿಸೋದಾದರೆ ಅದೇ ಕೈ, ಅದೇ ಜಾಗ ಇರಬೇಕು. ಮಣಿಕಟ್ಟಿನ ಕಡೆಗಿಂತ ಮೊಣಕೈ ಕಡೆ ಉಬ್ಬು ದೊಡ್ಡದು ಬರುತ್ತೆ, ಮುಂಗೈಗಿಂತ ಬೆನ್ನಿನಲ್ಲಿ ಇನ್ನೂ ದೊಡ್ಡದು. ಇದನ್ನು ಬಿಟ್ಟು ಡಿಪಿಐ ಬಗ್ಗೆ ಜಗಳಾಡಿ ಉಪಯೋಗವಿಲ್ಲ.

ಗುಣಾಕಾರ:
ಅದೇ ದಿನದ ಹಿಸ್ಟಮಿನ್ ಉಬ್ಬಿಗೆ ಭಾಗಿಸಿದರೆ ದಿನದಿಂದ ದಿನಕ್ಕೆ ಚರ್ಮ ಬದಲಾಗೋದು ಅರ್ಧದಷ್ಟಾದರೂ ಸರಿಹೋಗುತ್ತಲ್ಲ? ಅಲರ್ಜನ್ 24, ಹಿಸ್ಟಮಿನ್ 20 ಚದರ ಮಿಮೀ ಇದ್ದರೆ ಅನುಪಾತ 1.2.

ಕತ್ತರಿ:
ಹೌದು, ಸ್ಕಿನ್ ಇಂಡೆಕ್ಸ್ ಅನ್ನೋದು ಅದನ್ನೇ. ವಿಸ್ತೀರ್ಣದ ಅನುಪಾತವೋ ವ್ಯಾಸದ್ದೋ ಅಂತ ಪಕ್ಕದಲ್ಲೇ ಬರೆಯಿರಿ. ನಿಮ್ಮ 1.2 ವ್ಯಾಸದಲ್ಲಿ 1.1ಕ್ಕಿಂತ ತುಸು ಕಡಿಮೆ. ಇನ್ನೊಂದು, ಹಿಸ್ಟಮಿನ್ ಒಂದೇ ಚುಚ್ಚು ಹಾಕಿದರೆ ಅದರ ತಪ್ಪು ಎಲ್ಲ ಅಲರ್ಜನ್‌ಗಳ ಲೆಕ್ಕಕ್ಕೂ ಅಂಟಿಕೊಳ್ಳುತ್ತೆ. ಎರಡು ಹಾಕಿ ಸರಾಸರಿ ತಗೊಳ್ಳಿ.

ಹಳೇಪುಟ:
ಸ್ವಲ್ಪ ದಾರಿ ಬಿಟ್ಟು. ಈ ಉಬ್ಬು ಮತ್ತು ಕೆಂಪಿನ ಹಿಂದಿರೋದನ್ನು 1920ರ ದಶಕದಲ್ಲೇ ಬ್ರಿಟಿಷ್ ವೈದ್ಯ ಥಾಮಸ್ ಲೂಯಿಸ್ ವಿವರಿಸಿದ್ದಾರೆ: ಮೊದಲು ಗೀರಿದ ಜಾಗ ಕೆಂಪಾಗುತ್ತೆ, ಆಮೇಲೆ ಸುತ್ತ ಕೆಂಪು ಹರಡುತ್ತೆ, ಕೊನೆಗೆ ಉಬ್ಬು ಏಳುತ್ತೆ. ಸುತ್ತಲಿನ ಕೆಂಪು ನರಗಳ ಮೂಲಕ ಹರಡೋದು, ಉಬ್ಬು ರಕ್ತನಾಳದಿಂದ ದ್ರವ ಸೋರಿ ಆಗೋದು. ಎರಡರ ಕಾರಣವೂ ಬೇರೆ, ಹಾಗಾಗಿ ಅಳತೆಯನ್ನೂ ಬೇರೆ ಬೇರೆ ಕಾಲಂನಲ್ಲೇ ಬರೆಯಬೇಕು.

ಎಲ್ಲ ಕಡೆ ಉಬ್ಬನ್ನೇ ಅಳೀತಾರೆ ಅಂತಲೂ ಇಲ್ಲ. ದ್ರಾವಣಗಳ ಶಕ್ತಿ ನಿರ್ಧರಿಸೋಕೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಕ್ರಮದಲ್ಲಿ ಚರ್ಮದೊಳಗೆ ಸೂಜಿಮದ್ದು ಕೊಟ್ಟು, ಕೆಂಪಿನ ಎರಡು ವ್ಯಾಸಗಳ ಮೊತ್ತ 50 ಮಿಮೀ ಬರೋಕೆ ದ್ರಾವಣ ಎಷ್ಟು ತೆಳುವಾಗಿರಬೇಕು ಅಂತ ಹುಡುಕ್ತಾರೆ.

ನೆರಳು:
ಎರಡು ವ್ಯಾಸ ಸೇರಿ 50 ಅಂದರೆ ಕೆಂಪು ಸುಮಾರು 25 ಮಿಮೀ ಅಗಲ, ಅದನ್ನು ಟೇಪಿನಲ್ಲಿ ಎತ್ತೋದೂ ಕಷ್ಟವೇ, ಸಾಮಾನ್ಯ ಟೇಪಿನ ಅಗಲ ಸಾಲಲ್ಲ. ಎರಡು ಪಟ್ಟಿ ಜೋಡಿಸಿದರೆ ಸೇರುವಲ್ಲಿ ಗೆರೆ ಜಾರಿರುತ್ತೆ.

ಅಳತೆಗೋಲು:
ಕಾಲು ಚಾಚಿದ ಉಬ್ಬಿನ ವಿಷಯ ಬಾಕಿ ಉಳಿಯಿತು. ಆ ಕಾಲುಗಳನ್ನು ಗೆರೆಯೊಳಗೆ ಸೇರಿಸಬೇಕಾ ಬಿಡಬೇಕಾ?

ಗುಣಾಕಾರ:
ಬಿಡಿ. ವ್ಯಾಸದಲ್ಲಿ ಅಳೆಯುವವರು ಬಿಟ್ಟು, ಪಕ್ಕದಲ್ಲಿ ಕಾಲು ಇದೆ ಅಂತ ಗುರುತು ಹಾಕ್ತಾರೆ.

ನೀಲಿಶಾಯಿ:
ವ್ಯಾಸಕ್ಕೆ ಬಿಡೋದು ಸರಿ, ಯಾಕಂದ್ರೆ ತೆಳ್ಳನೆ ಒಂದು ಕಾಲು 4 ಮಿಮೀ ಉದ್ದ ಇದ್ದರೆ ವ್ಯಾಸ ಅಷ್ಟೂ ಏರಿಬಿಡುತ್ತೆ. ವಿಸ್ತೀರ್ಣಕ್ಕೆ ಆ ಭಯ ಇಲ್ಲ. 4 ಮಿಮೀ ಉದ್ದ, 1 ಮಿಮೀ ಅಗಲದ ಕಾಲು ಸೇರಿಸೋದು 4 ಚದರ ಮಿಮೀ ಮಾತ್ರ. ಅದೂ ಉಬ್ಬಿದ ಚರ್ಮವೇ, ಕತ್ತರಿಸಿ ಹಾಕೋಕೆ ಕಾರಣವಿಲ್ಲ. ಗೆರೆಯನ್ನು ಕಾಲಿನ ಸುತ್ತಲೂ ಎಳೀರಿ, ಕೆಂಪು ಪೆನ್ನಿನಲ್ಲಿ ಗುರುತೂ ಹಾಕಿ. ಬಿಟ್ಟು ಬೇಕು ಅಂದವರು ಆಮೇಲೆ ಚಿತ್ರದಲ್ಲೇ ಕತ್ತರಿಸಿಕೊಳ್ಳಬಹುದು. ಎಳೆಯದೇ ಇದ್ದದ್ದನ್ನು ಆಮೇಲೆ ಸೇರಿಸೋಕಾಗಲ್ಲ.

ಮೊನಚು:
ಕಾಲಿನ ಬುಡ ತುಂಬ ಕಿರಿದಾಗಿದ್ದರೆ ಜೋಪಾನ. ಎರಡು ಬದಿಯ ಗೆರೆ ಅಲ್ಲಿ ಒಂದಕ್ಕೊಂದು ತಾಗಿ ಕಾಲು ಪ್ರತ್ಯೇಕ ಉಬ್ಬಾಗಿ ಎಣಿಕೆಯಾಗುತ್ತೆ. ಅಂಥಲ್ಲಿ ಎರಡು ಅಂಕಿಯನ್ನೂ ಕೂಡಿಸಿ ಬರೆಯಬೇಕು.

ಕತ್ತರಿ:
ಕೊನೆಯದಾಗಿ, ಚುಚ್ಚೋ ಕೈಯನ್ನೂ ಪರೀಕ್ಷಿಸಿ. ಒಬ್ಬರ ಮೇಲೆ 10 ಹಿಸ್ಟಮಿನ್, 10 ಸಲೈನ್ ಚುಚ್ಚಿ, ಹಿಸ್ಟಮಿನ್ ಉಬ್ಬುಗಳ ವ್ಯಾಸದ ಸ್ಟ್ಯಾಂಡರ್ಡ್ ಡೀವಿಯೇಶನ್ (ಸರಾಸರಿಯಿಂದ ಎಷ್ಟು ಚದುರಿವೆ ಅನ್ನೋ ಅಂಕಿ) ಅನ್ನು ಸರಾಸರಿಯಿಂದ ಭಾಗಿಸಿ. ಅದು 30%ಗಿಂತ ಕಡಿಮೆ ಬರಬೇಕು ಅನ್ನೋದು ಬಳಕೆಯಲ್ಲಿರೋ ಮಿತಿ. ವಿಸ್ತೀರ್ಣದಲ್ಲಿ ಲೆಕ್ಕ ಹಾಕಿದರೆ ಅದೇ ಚುಚ್ಚುಗಳಿಗೆ ಹತ್ತಿರಹತ್ತಿರ ಎರಡು ಪಟ್ಟು ಬರುತ್ತೆ, ವ್ಯಾಸದಲ್ಲಿ 15% ಇದ್ದದ್ದು ಇಲ್ಲಿ 30%. ವಿಸ್ತೀರ್ಣದ ಅಂಕಿಯನ್ನು ವ್ಯಾಸದ ಮಿತಿಗೆ ಹೋಲಿಸಿ ಒಳ್ಳೇ ಕೈಯವರನ್ನು ಫೇಲ್ ಮಾಡಬೇಡಿ.

ಅಳತೆಗೋಲು:
ಆ ಹಾಳೆಯ ಅಂಕಿಗಳನ್ನು ಕೆಂಪಿನಲ್ಲಿ ಬರೆದು ಮತ್ತೆ ಓಡಿಸಿದ್ದಾಯ್ತು. 14 ಬಂತು. ಈ ಹಾಳೆಗಳನ್ನು ಎಷ್ಟು ದಿನ ಇಟ್ಟು ಆಮೇಲೆ ಸ್ಕ್ಯಾನ್ ಮಾಡಬಹುದು?

ನೀಲಿಶಾಯಿ:
ಇಡಬೇಡಿ, ಅದೇ ದಿನ ಮಾಡಿ. ಟೇಪಿನ ಅಂಟಿನಲ್ಲಿ ಶಾಯಿ ನಿಧಾನಕ್ಕೆ ಹರಡುತ್ತೆ, ಗೆರೆ ದಪ್ಪವಾಗಿ ಒಳಅಂಚು ಒಳಕ್ಕೆ ಬರುತ್ತೆ. ತಡವಾದ ಹಾಳೆಯಲ್ಲಿ ಎಲ್ಲ ಉಬ್ಬೂ ಚಿಕ್ಕದಾಗಿ ಕಾಣುತ್ತೆ. ಸ್ಕ್ಯಾನ್ ಆದ ಮೇಲೆ ಹಾಳೆಯನ್ನು ಕಡತದಲ್ಲಿಡಿ, ಆದರೆ ಅದರಿಂದ ಮರು ಅಳತೆ ಮಾಡಬೇಡಿ. ಬೇಕಾದಾಗ ಮೂಲ ಟಿಫ್ ಫೈಲನ್ನೇ ತೆಗೆಯಿರಿ.